ಗವಿಯೊಳಗೆ ಭಯ ಯಾರಿಗೆ?

ಗವಿಯೆಂದೊಡನೆ ನಮ್ಮ ಹಿರಿಯರ ಮನಸ್ಸಿಗೆ ಬರುತ್ತಿದ್ದುದು ಎರಡು: ಒಂದು ತಪಸ್ವಿ, ಇನ್ನೊಂದು ಹುಲಿ. ಕಂಪ್ಯೂಟರಿನ ತೆರೆಯ ಮೇಲೆ ಕಾಡಿನ ಆಟವಾಡುವ ಇಂದಿನ ಮಕ್ಕಳು ತಪಸ್ವಿಯನ್ನು ಬಿಟ್ಟು ಹುಲಿಯನ್ನಷ್ಟೇ ಉಳಿಸಿಕೊಂಡಿದ್ದಾರೆ. ನಿರ್ಜನ ಪ್ರದೇಶದಲ್ಲಿ ಏಕಾಕಿಯಾಗಿ ಸಿಲುಕಿದವನು ಹಸಿವು, ನೀರಡಿಕೆ, ಚಳಿಗಳನ್ನು ಗೆದ್ದು ಜೀವ ಉಳಿಸಿಕೊಳ್ಳುವುದೇ ಈ ಆಟಗಳ ತಿರುಳು. ಇಂಥ ಆಟಕ್ಕೆ ಗವಿಯ ಜೀವಿಗಳನ್ನೂ ಗವಿಯ ಅಪಾಯಗಳನ್ನೂ ಸೇರಿಸಹೊರಟರೆ ಯಾವುದನ್ನು ಸೇರಿಸಬೇಕು? ಮೇಲುನೋಟಕ್ಕೆ ಇದು ಹುಡುಗಾಟದ ಪ್ರಶ್ನೆ. ಆದರೆ ಪಟ್ಟಣದ ಮಕ್ಕಳಲ್ಲಿ ಅನೇಕರು ಕಾಡನ್ನು ಮೊದಲು ಕಾಣುವುದು ಇಂಥ ತೆರೆಯ ಮೇಲೆಯೇ ಆದುದರಿಂದ ತಾಯ್ತಂದೆಯರೂ ಇದನ್ನು ಯೋಚಿಸುವುದು ಒಳ್ಳೆಯದು.

ಗವಿಯನ್ನು ಬಲ್ಲವರ ಆಟ

ಇಂಥ ಆಟಗಳ ಪೂರ್ವಜನು ಹುಟ್ಟಿದ್ದೇ ಗವಿಯಲ್ಲಿ. ಅಮೆರಿಕದ ಕೆಂಟಕಿ ಪ್ರಾಂತದ ಮ್ಯಾಮತ್ ಗವಿಯು ತಿಳಿದಿರುವ ಗವಿಗಳಲ್ಲೆಲ್ಲ ಉದ್ದವಾದುದು; ಅಳತೆಗೆ ಸಿಕ್ಕಿರುವುದೇ 680 ಕಿಲೋಮೀಟರಿಗೂ ಹೆಚ್ಚು. ಗವಿಶೋಧನೆಯ ಹವ್ಯಾಸವಿದ್ದ ಕಂಪ್ಯೂಟರ್ ತಜ್ಞ ವಿಲಿಯಂ ಕ್ರೌಥರ್ ಅದರ ಒಂದು ಭಾಗವನ್ನು ಆಧರಿಸಿ, ತಮ್ಮ ಪುತ್ರಿಯರಿಗಾಗಿ 1975–76ರ ಸುಮಾರಿಗೆ ‘ಅಡ್ವೆಂಚರ್’ ಎಂಬ ಆಟವನ್ನು ರಚಿಸಿದರು. 1977ರಲ್ಲಿ ಡಾನ್ ವುಡ್ಸ್ ಅದನ್ನು ವಿಸ್ತರಿಸಿದರು. ಅದರಲ್ಲಿ ಚಿತ್ರಗಳಿರಲಿಲ್ಲ, ಎಲ್ಲವೂ ಬರಿಯ ಅಕ್ಷರಗಳಲ್ಲೇ. ಕುಬ್ಜರು, ಹಾವು, ಕರಡಿ ಅಲ್ಲಿಯೂ ಉಂಟು. ಆದರೆ ಆಡುವವನ ನಿಜವಾದ ಆಸ್ತಿ ಕೈದೀಪ. ದೀಪವಿಲ್ಲದೆ ಮುಂದುವರಿದರೆ ಗುಂಡಿಗೆ ಬೀಳುವ ಸಂಭವ. ದೀಪದ ಬ್ಯಾಟರಿಯೋ ಸವೆಯುತ್ತಲೇ ಇರುತ್ತದೆ. ಕತ್ತಲೆಗಿಂತ ಕ್ರೂರವಾದ ಮೃಗ ಗವಿಯಲ್ಲಿಲ್ಲವೆಂಬುದನ್ನು ಆ ಆಟ ಅರಿತಿತ್ತು.

ಸರೋವರದ ಜೀವಿ ಗವಿಗೆ ಬಂದುದು

ಈಚಿನ ಆಟಗಳಲ್ಲಿ ಚಿತ್ರ ಬೆಳೆದಿದೆ, ಅರಿವು ಅಷ್ಟಾಗಿ ಬೆಳೆದಿಲ್ಲ. ಜಗತ್ಪ್ರಸಿದ್ಧವಾದ ‘ಮೈನ್‌ಕ್ರಾಫ್ಟ್’ ಆಟಕ್ಕೆ 2021ರಲ್ಲಿ ಹೊಸ ಗವಿಗಳು ಸೇರಿದವು. ಅವುಗಳ ನೀರಿನಲ್ಲಿ ಆಕ್ಸಲಾಟ್ಲ್ ಎಂಬ ಮುದ್ದಾದ ಜೀವಿಯೂ ಸೇರಿತು. ಮಕ್ಕಳಿಗೆ ಅದು ಅಚ್ಚುಮೆಚ್ಚು. ಆದರೆ ನಿಜವಾದ ಆಕ್ಸಲಾಟ್ಲ್ ಗವಿಯದಲ್ಲ. ಮೆಕ್ಸಿಕೋ ನಗರದ ಅಂಚಿನ ಸೋಚಿಮಿಲ್ಕೋ ಸರೋವರದ ಕಾಲುವೆಗಳದು. ಅಲ್ಲಿಯೂ ಅದು ಅಳಿವಿನಂಚಿಗೆ ಬಂದಿದೆ.

ಅದರ ನಿಜವಾದ ಗವಿವಾಸಿ ನೆಂಟನನ್ನು ಕಾಣಬೇಕಾದರೆ ಸ್ಲೊವೇನಿಯಾ ದೇಶದ ಪೋಸ್ಟೊಯ್ನಾ ಗವಿಗೆ ಹೋಗಬೇಕು. ಓಲ್ಮ್ ಎಂಬ ಆ ಪ್ರಾಣಿ ಗೇಣುದ್ದದ್ದು; ಬಣ್ಣಗೆಟ್ಟ ಮೈ, ಚರ್ಮದಡಿ ಮುಚ್ಚಿಹೋದ ಕಣ್ಣು. ವಾಸನೆಯಿಂದಲೂ ನೀರಿನ ಕಂಪನದಿಂದಲೂ ಬೇಟೆಯನ್ನು ಅರಿಯುತ್ತದೆ. ಆಹಾರವಿಲ್ಲದೆ ವರ್ಷಗಟ್ಟಲೆ ಜೀವಿಸಬಲ್ಲದು. ಬಿಸಿಲಿಲ್ಲದೆಡೆ ಗಿಡವಿಲ್ಲ, ಗಿಡವಿಲ್ಲದೆಡೆ ಆಹಾರ ವಿರಳ. ಆದುದರಿಂದಲೇ ಗವಿಯ ಆಳದಲ್ಲಿ ದೊಡ್ಡ ಮೃಗಗಳು ಬಾಳಲಾರವು. ಅಲ್ಲಿ ಬಾಳುವವರು ಇಂಥ ಮಿತಾಹಾರಿ ಸಂನ್ಯಾಸಿಗಳೇ.

ಮೃಗವಿಲ್ಲದ ಅಪಾಯ

ಹಾಗಾದರೆ ಗವಿ ನಿರಪಾಯವೇ? 2018ರ ಜೂನ್ 23ರಂದು ಥಾಯ್ಲೆಂಡಿನ ಥಾಮ್ ಲುಆಂಗ್ ಗವಿಯನ್ನು ಹನ್ನೆರಡು ಮಂದಿ ಬಾಲಕರು ತಮ್ಮ ಫುಟ್‌ಬಾಲ್ ಶಿಕ್ಷಕನೊಡನೆ ಹೊಕ್ಕರು. ಹೊರಗೆ ಮಳೆ ಸುರಿಯಿತು; ಒಳಗೆ ದಾರಿ ಮುಳುಗಿತು. ಜುಲೈ 2ರವರೆಗೆ ಅವರು ಬದುಕಿರುವರೆಂಬುದೇ ಹೊರಗಿನವರಿಗೆ ತಿಳಿಯಲಿಲ್ಲ. ಸಾಮಾನ್ಯ ಗಾಳಿಯಲ್ಲಿ ಆಮ್ಲಜನಕ ಶೇಕಡ 21ರಷ್ಟಿದ್ದರೆ ಅವರಿದ್ದೆಡೆ ಸುಮಾರು 15ಕ್ಕೆ ಇಳಿಯಿತು. ಜುಲೈ 10ರ ಹೊತ್ತಿಗೆ ಹದಿಮೂರು ಮಂದಿಯೂ ಹೊರಬಂದರು. ಆದರೆ ಗಾಳಿಯ ಸಿಲಿಂಡರುಗಳನ್ನು ಒಳಗಿಟ್ಟು ಹಿಂದಿರುಗುತ್ತಿದ್ದ ಮುಳುಗುಗಾರ ಸಮನ್ ಕುನಾನ್ ನೀರಿನಲ್ಲೇ ಪ್ರಾಣ ತೆತ್ತರು. ಅಲ್ಲಿ ಕಾದಿದ್ದುದು ಹುಲಿಯಲ್ಲ. ಮಳೆ, ಚಳಿ, ಕತ್ತಲೆ, ಉಸಿರಿನ ಕೊರತೆ. ಆಟಕ್ಕೆ ಇಷ್ಟು ಸಾಲದೆ?

ಕೆನಡಾದ ಹಿಮಾವೃತ ಕಾಡನ್ನು ಚಿತ್ರಿಸುವ ‘ದಿ ಲಾಂಗ್ ಡಾರ್ಕ್’ ಆಟದಲ್ಲಿ ಗವಿಯು ಹಿಮಗಾಳಿಯಿಂದ ಪಾರುಮಾಡುವ ಆಸರೆ. ಅದು ಸತ್ಯವೇ, ಆಳದ ಗವಿಯ ಉಷ್ಣತೆ ವರ್ಷವಿಡೀ ಹೆಚ್ಚುಕಡಮೆ ಒಂದೇ. ಮ್ಯಾಮತ್ ಗವಿಯಲ್ಲಿ ಅದು ಸುಮಾರು 12 ಡಿಗ್ರಿ ಸೆಲ್ಸಿಯಸ್. ಒಣಗಿದ ಮೈಗೆ ಅದು ಹಿತ. ನೆನೆದ ಮೈಗೆ ಮಾರಕ.

ನಿದ್ರಾಭಂಗ

ಇನ್ನೊಂದು ಮಾತುಂಟು. ಆ ದೇಶಗಳ ಬಾವಲಿಗಳು ಕೀಟಗಳು ದೊರೆಯದ ಚಳಿಗಾಲದಲ್ಲಿ ಮೈಯ ಕೊಬ್ಬನ್ನೇ ನಂಬಿ ಗವಿಯಲ್ಲಿ ದೀರ್ಘನಿದ್ರೆ ಮಾಡುತ್ತವೆ. ಮೂಗಿನ ಮೇಲೆ ಬಿಳಿಯ ಬೂಷ್ಟು ಕಟ್ಟಿಸುವ ರೋಗವೊಂದು 2006ರಲ್ಲಿ ನ್ಯೂಯಾರ್ಕ್ ಪ್ರಾಂತದಲ್ಲಿ ಮೊದಲು ಕಂಡುಬಂದಿತು. ಅದು ಬಾವಲಿಗಳನ್ನು ಅಕಾಲದಲ್ಲಿ ಎಬ್ಬಿಸುತ್ತದೆ. ಎಚ್ಚೆತ್ತವು ಕೂಡಿಟ್ಟ ಕೊಬ್ಬನ್ನು ಕಳೆದುಕೊಂಡು ಉಪವಾಸದಿಂದ ಸಾಯುತ್ತವೆ. ಉತ್ತರ ಅಮೆರಿಕದಲ್ಲಿ ಹೀಗೆ ಸತ್ತ ಬಾವಲಿಗಳು ಲಕ್ಷೋಪಲಕ್ಷ. ಬೂಷ್ಟಿನ ಕಣಗಳು ಮನುಷ್ಯರ ಪಾದರಕ್ಷೆಗೂ ಅಂಟಿ ಸಾಗಬಲ್ಲವಾದ್ದರಿಂದ ಮ್ಯಾಮತ್ ಗವಿಯನ್ನು ನೋಡಿ ಬಂದವರನ್ನು ಪಾದರಕ್ಷೆ ಶುದ್ಧಿಮಾಡುವ ಚಾಪೆಯ ಮೇಲೆ ನಡೆಸುತ್ತಾರೆ.

ಆಟ ರಚಿಸುವವರು ಬಾವಲಿಯನ್ನು ಮುಖಕ್ಕೆ ಹಾರಿಸಿ ಬೆಚ್ಚಿಬೀಳಿಸುವುದು ಸುಲಭ. ಅದಕ್ಕಿಂತ, ದೀವಟಿಗೆ ಹಿಡಿದು ಗದ್ದಲವೆಬ್ಬಿಸಿದವನಿಗೆ ಮರುವರ್ಷ ಆ ಗವಿ ಬರಿದಾಗಿ ಕಾಣುವಂತೆ ಮಾಡಲಿ. ಸದ್ದಿಲ್ಲದೆ ಹಾದುಹೋದವನಿಗೆ ಬಾವಲಿಗಳ ಹಿಂಡು ಸಂಜೆಯಲ್ಲಿ ಹೊರಡುವ ದೃಶ್ಯ ದೊರೆಯಲಿ. ಗವಿಯಲ್ಲಿ ತನ್ನ ಜೀವದಷ್ಟೇ ಮತ್ತೊಂದರ ಜೀವವನ್ನೂ ಕಾಯಬೇಕೆಂದು ಮಗು ಆಡುತ್ತಲೇ ಕಲಿತರೆ, ಅಷ್ಟು ಹೊತ್ತು ತೆರೆಯ ಮುಂದೆ ಕುಳಿತುದಕ್ಕೆ ಮನೆಯವರು ಬೇಸರಪಡಬೇಕಾಗಿಲ್ಲ.