ಪರದೇಶಿ ಹುಡುಗಿಯ ಕಥೆ: ‘ಜೇನ್ ಏರ್’



ತಾಯಿ ತಂದಿ ಇಲ್ಲದ ಮಕ್ಕಳಿಗೆ ನಮ್ಮ ಕಡಿ ‘ಪರದೇಶಿ’ ಅಂತಾರ. ಅಂಥ ಒಬ್ಬ ಹುಡುಗಿ ಬೆಳೆದು ದೊಡ್ಡವಳಾಗುವ ಕಥೆಯೇ ‘ಜೇನ್ ಏರ್’ ಕಾದಂಬರಿ. ಬರೆದವರು ಇಂಗ್ಲೆಂಡಿನ ಷಾರ್ಲೆಟ್ ಬ್ರಾಂಟೆ (1816–1855). 1847ರಲ್ಲಿ ಅಚ್ಚಾದಾಗ ಪುಸ್ತಕದ ಮೇಲೆ ‘ಕರರ್ ಬೆಲ್’ ಎಂಬ ಹೆಸರಿತ್ತು. ಹೆಂಗಸು ಬರೆದದ್ದೆಂದರೆ ಜನ ಹಗುರಾಗಿ ನೋಡುತ್ತಾರೆಂದು ಅವರು ತಮ್ಮ ಹೆಸರು ಮುಚ್ಚಿಟ್ಟಿದ್ದರು.

ಅದೇ ಕಾಲಕ್ಕೆ ನಮ್ಮ ಸುರಪುರದಲ್ಲಿ ತಂದೆ ತೀರಿಕೊಂಡ ಬಾಲಕ ರಾಜಾ ವೆಂಕಟಪ್ಪ ನಾಯಕರನ್ನು ನೋಡಿಕೊಳ್ಳಲು ಮೆಡೋಸ್ ಟೇಲರ್ ಎಂಬ ಅಧಿಕಾರಿ ಇದ್ದರು. ಅರಸನ ಮಗನಿಗೆ ದಿಕ್ಕಿತ್ತು. ಕಾದಂಬರಿಯ ಬಡ ಜೇನಳಿಗೆ ಯಾರ ದಿಕ್ಕೂ ಇರಲಿಲ್ಲ.

ಕಥೆ ಏನು?

10 ವರ್ಷದ ಜೇನ್ ಸತ್ತುಹೋದ ಸೋದರಮಾವನ ಮನೆಯಲ್ಲಿ, ಅತ್ತೆಯ ಹಂಗಿನಲ್ಲಿ ಇರುತ್ತಾಳೆ. ಒಂದು ದಿನ ಪರದೆಯ ಹಿಂದೆ ಕುಂತು ಹಕ್ಕಿಗಳ ಪುಸ್ತಕ ನೋಡುತ್ತಿರುವಾಗ ಅತ್ತೆಯ ಮಗ ಬರುತ್ತಾನೆ. ಹಂಗಿನಾಕಿ ನಮ್ಮ ಪುಸ್ತಕ ಮುಟ್ಟಬಾರದೆಂದು ಬೈದು, ಅದೇ ಪುಸ್ತಕ ಬೀಸಿ ಒಗೆಯುತ್ತಾನೆ. ತಲೆ ಒಡೆದು ರಕ್ತ ಬರುತ್ತದೆ. ಜೇನ್ ತಿರುಗಿ ಬೀಳುತ್ತಾಳೆ. ಶಿಕ್ಷೆ ಮಾತ್ರ ಆಕಿಗೇ! ಕೆಂಪು ಕೋಣೆಯಲ್ಲಿ ಕೂಡಿ ಹಾಕುತ್ತಾರೆ.

ಆಮೇಲೆ ಲೋವುಡ್ ಎಂಬ ವಸತಿ ಶಾಲೆ. ಅಲ್ಲಿ ಚಳಿ, ಅರೆಹೊಟ್ಟೆ, ಸೀದ ಗಂಜಿ. ಶಾಲೆ ನಡೆಸುವ ಯಜಮಾನ ಎಲ್ಲರ ಮುಂದೆ ಜೇನಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಸುಳ್ಳುಗಾರ್ತಿ ಅನ್ನುತ್ತಾನೆ. ಆದರೆ ಟೆಂಪಲ್ ಎಂಬ ಶಿಕ್ಷಕಿ ವಿಚಾರಣೆ ಮಾಡಿ, ಆಕೆಯದು ತಪ್ಪಿಲ್ಲವೆಂದು ಎಲ್ಲರ ಮುಂದೆಯೇ ಹೇಳುತ್ತಾರೆ. ಗೆಳತಿ ಹೆಲೆನ್ ಕ್ಷಯದಿಂದ ಸಾಯುತ್ತಾಳೆ. ಲೇಖಕಿಯ ಇಬ್ಬರು ಅಕ್ಕಂದಿರೂ ವಸತಿ ಶಾಲೆಯಲ್ಲಿ ಜಡ್ಡಾಗಿ 1825ರಲ್ಲಿ ತೀರಿಕೊಂಡಿದ್ದರು. ಆ ನೋವೇ ಇಲ್ಲಿ ಕಥೆಯಾಗಿದೆ.

ದೊಡ್ಡವಳಾದ ಜೇನ್ ಒಂದು ಶ್ರೀಮಂತರ ಮನೆಯಲ್ಲಿ ಪಾಠ ಹೇಳಲು ಹೋಗುತ್ತಾಳೆ. ಯಜಮಾನನ ಮೇಲೆ ಪ್ರೀತಿ ಹುಟ್ಟುತ್ತದೆ. ಅವನ ಹೆಂಡತಿ ಬದುಕಿದ್ದಾಳೆಂದು ಮದುವೆಯ ದಿನವೇ ಗೊತ್ತಾಗಿ, ಮನೆ ಬಿಟ್ಟು ಹೊರಡುತ್ತಾಳೆ. ಕೊನೆಗೆ ಏನಾಯಿತೆಂದು ನಾನು ಹೇಳುವುದಿಲ್ಲ!

ನಮಗೇಕೆ ಬೇಕು?

ಹಾಗೆ ಹೊರಟವಳು ಒಂದು ಹಳ್ಳಿಯಲ್ಲಿ ಬಡ ಹುಡುಗಿಯರಿಗೆ ಶಿಕ್ಷಕಿಯಾಗುತ್ತಾಳೆ. 20 ಹುಡುಗಿಯರಲ್ಲಿ ಓದಲು ಬರುವವರು ಮೂವರೇ. ಬರೆಯಲು ಒಬ್ಬರಿಗೂ ಬಾರದು. ಇವರಿಗೆ ತಲೆಯೇ ಇಲ್ಲವೆಂದು ಜೇನಳಿಗೂ ಮೊದಲು ಅನಿಸುತ್ತದೆ. ಕಲಿಸುತ್ತ ಹೋದಂತೆ ತನ್ನದೇ ತಪ್ಪೆಂದು ತಿಳಿಯುತ್ತದೆ.

2011ರ ಜನಗಣತಿಯಲ್ಲಿ ನಮ್ಮ ಯಾದಗಿರಿ ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ ನೂರಕ್ಕೆ ಸುಮಾರು 41 ಮಾತ್ರ. ತಾಯಿ ತಂದಿ ಗುಳೆ ಹೋದ ಮೇಲೆ ಅಜ್ಜಿ ಹತ್ರ ಉಳಿದವರು ನಮ್ಮ ತರಗತಿಯಲ್ಲೂ ಇದ್ದೇವೆ. ಹತ್ತಿ ಬಿಡಿಸೋ ದಿನದಾಗ ಹುಡುಗಿಯರ ಹಾಜರಿ ಕಡಿಮಿ. ತಿಂಗಳು ಬಿಟ್ಟು ಬಂದಾಕಿ ಓದಲು ತಡವರಿಸಿದರೆ, “ಇಕಿ ತಲಿಗೆ ಹತ್ತಂಗಿಲ್ಲ” ಅಂತ ನಾವೇ ನಗ್ತೀವಿ. ನಾನೂ ನಕ್ಕೀನಿ. ಆಕಿಗೆ ತಲಿ ಅದ. ಕೈಯಾಗಿನ ಪುಸ್ತಕ ಹೋಗಿತ್ತು, ಅಷ್ಟ.

ಹೇಗೆ ಓದಬೇಕು?

ಮುಂಬೈಯ ಕನ್ನಡ ಲೇಖಕಿ ಶ್ಯಾಮಲಾ ಮಾಧವ ಅವರು ಇದನ್ನು ಕನ್ನಡಕ್ಕೆ ತಂದಿದ್ದಾರೆ. ಮೂಲದಲ್ಲಿ 38 ಅಧ್ಯಾಯಗಳಿವೆ. ದಪ್ಪ ನೋಡಿ ಹೆದರಬ್ಯಾಡ್ರಿ. ಬಾಲ್ಯ ಮತ್ತು ಶಾಲೆಯ ಕಥೆ ಇರುವ ಮೊದಲ 10 ಅಧ್ಯಾಯ ಸಾಕು, ಮುಂದಿನದನ್ನು ಅದೇ ಓದಿಸುತ್ತದೆ. ಒಬ್ಬರು ಓದಿ ನಾಲ್ವರು ಕೇಳಬಹುದು. ಕೇಳುವವರಲ್ಲಿ ಹತ್ತಿ ಹೊಲದಿಂದ ಬಂದಾಕಿಯನ್ನೂ ಕೂಡಿಸಿಕೊಳ್ರಿ. ಆಮ್ಯಾಲ ಪುಸ್ತಕ ಆಕಿ ಕೈಗೇ ಕೊಡ್ರಿ.