ಹಿತ್ತಲ ಗಿಡವೂ ಮದ್ದೇ: ಕಾಡು, ಹೊಳೆ, ಕಡಲು ಕಾಯುವ ಸಲಹೆ ಕೆಲಸದಲ್ಲಿ ಹಳ್ಳಿಯವರ ಪಾಲು



ಆಲೂರು, ಸಕಲೇಶಪುರ ಸೀಮೆಯ ಹಳ್ಳಿಗಳಿಗೆ ಜೀಪಿನಲ್ಲಿ ಬಂದು ಕಾಡಿನ ವಿಚಾರ, ಹೊಳೆಯ ವಿಚಾರ, ಆನೆಯ ವಿಚಾರ ಕೇಳಿ ಬರೆದುಕೊಂಡು ಹೋಗುವವರನ್ನು ನೀವು ಕಂಡಿರಬಹುದು. ಆನೆ ಯಾವ ದಾರಿಯಲ್ಲಿ ಬರುತ್ತದೆ, ಬೇಸಿಗೆಯಲ್ಲಿ ಹಳ್ಳದ ನೀರು ಯಾವ ತಿಂಗಳಿಗೆ ನಿಲ್ಲುತ್ತದೆ, ದೇವರಕಾಡಿನಲ್ಲಿ ಯಾವ ಯಾವ ಮರಗಳಿವೆ ಎಂದು ಅವರು ಕೇಳುತ್ತಾರೆ. ನಾವು ಕಾಫಿ ಕೊಟ್ಟು, ಒಂದು ದಿನದ ಕೆಲಸ ಬಿಟ್ಟು, ಜೊತೆಯಲ್ಲಿ ತಿರುಗಿ ತೋರಿಸುತ್ತೇವೆ. ಆ ಮಾಹಿತಿ ಎಲ್ಲಿಗೆ ಹೋಯಿತು, ಅದರಿಂದ ಊರಿಗೆ ಏನಾಯಿತು ಎಂದು ವಿಚಾರಿಸುವವರು ಕಡಿಮೆ. ಇದನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು.

ಸಲಹೆಗಾರರ ಕೆಲಸವೆಂದರೇನು?

ಸರ್ಕಾರದ ಇಲಾಖೆಗಳು, ವಿಶ್ವವಿದ್ಯಾಲಯಗಳು, ಸಂಘ ಸಂಸ್ಥೆಗಳು, ದೊಡ್ಡ ಕಾಮಗಾರಿ ಮಾಡುವ ಕಂಪನಿಗಳು ಕಾಡು ಕಡಲುಗಳ ಸ್ಥಿತಿಯನ್ನು ತಿಳಿದು ವರದಿ ಕೊಡುವುದಕ್ಕೆ ಹಣ ಕೊಟ್ಟು ಜನರನ್ನು ನೇಮಿಸುತ್ತವೆ. ಇಂಥವರಿಗೆ ಸಲಹೆಗಾರರು, ಅಥವಾ ಕನ್ಸಲ್ಟೆಂಟರು, ಎಂದು ಹೆಸರು. ಗಿಡಮರಗಳ ಪಟ್ಟಿ ಮಾಡುವುದು, ಪ್ರಾಣಿಗಳ ಓಡಾಟ ಗುರುತಿಸುವುದು, ಮೀನಿನ ಇಳುವರಿ ಲೆಕ್ಕ ಹಾಕುವುದು, ಅಣೆಕಟ್ಟು ರಸ್ತೆಗಳಿಂದ ಆಗುವ ಪರಿಣಾಮ ಹೇಳುವುದು ಇವರ ಕೆಲಸ. ಇವರಿಗೆ ಓದಿನ ಬಲವಿದೆ. ಆದರೆ ಈ ಬೆಟ್ಟದಲ್ಲಿ ಮೂವತ್ತು ಮಳೆಗಾಲ ಕಂಡ ಅನುಭವ ಬೇಕಾದಾಗ ಅವರು ನಮ್ಮ ಬಾಗಿಲಿಗೇ ಬರಬೇಕು. ಆದುದರಿಂದ ಈ ಕೆಲಸದಲ್ಲಿ ಹಳ್ಳಿಯವರಿಗೂ ನ್ಯಾಯವಾದ ಪಾಲಿದೆ.

ಬೆಟ್ಟದವರಿಗೆ ಕಡಲಿನ ಗೊಡವೆ ಏಕೆ?

ನಮ್ಮದು ಎರಡು ಕಡಲಿಗೆ ನೀರು ಹಂಚುವ ಸೀಮೆ. ಪೂರ್ವದ ಇಳಿಜಾರಿನ ನೀರು ಹೇಮಾವತಿಗೆ ಬಿದ್ದು, ಕಾವೇರಿಯ ಮೂಲಕ ಬಂಗಾಳಕೊಲ್ಲಿ ಸೇರುತ್ತದೆ. ಬಿಸಿಲೆ, ಕೆಂಪುಹೊಳೆಯ ಕಡೆಯ ನೀರು ಕುಮಾರಧಾರೆಗೆ ಕೂಡಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ, ಮಂಗಳೂರಿನ ಬಳಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಮೇಲೆ ಕಾಡು ತೆಳುವಾದರೆ ಕೆಳಗೆ ಹೊಳೆಬಾಯಿಯಲ್ಲಿ ಹೂಳು ಹೆಚ್ಚುತ್ತದೆ, ಮೀನು ಮರಿ ಮಾಡುವ ಜಾಗ ಕೆಡುತ್ತದೆ. ಹೀಗಾಗಿ ಕಾಡು ಕಾಯುವ ಕೆಲಸವೂ ಕಡಲು ಕಾಯುವ ಕೆಲಸವೂ ಒಂದೇ ಹೊಳೆಯ ಎರಡು ತುದಿಗಳು. ಆ ತುದಿಯ ಜನರಿಂದ ನಾವು ಕಲಿಯತಕ್ಕದ್ದು ಇದೆ.

ಕುರ್ವೆಯ ಜನರ ಉದಾಹರಣೆ

ಉತ್ತರ ಕನ್ನಡದ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಸಮುದ್ರ ಸೇರುವಲ್ಲಿ ಮಾಸೂರು, ಐಗಳಕುರ್ವೆ ಮೊದಲಾದ ಊರುಗಳಿವೆ. ಕುರ್ವೆಯೆಂದರೆ ನೀರು ಸುತ್ತುವರಿದ ನಡುಗಡ್ಡೆ. ಈ ಭಾಗದ ಗಜನಿ ಗದ್ದೆಗಳಿಗೆ ಉಬ್ಬರದ ಉಪ್ಪುನೀರು ನುಗ್ಗುತ್ತದೆ. ಅಲ್ಲಿನ ರೈತರು ಮಣ್ಣಿನ ಒಡ್ಡು ಕಟ್ಟಿ, ತೂಬಿನ ಬಾಗಿಲಿಟ್ಟು, ಮಳೆಗಾಲದಲ್ಲಿ 'ಕಗ್ಗ' ಎಂಬ ಭತ್ತ ಬೆಳೆಯುತ್ತಾರೆ. ಇದು ಉಪ್ಪನ್ನು ತಾಳುತ್ತದೆ. ಕೆಲವು ದಿನ ನೀರಿನಲ್ಲಿ ಮುಳುಗಿದರೂ ಸಾಯುವುದಿಲ್ಲ. ಕೊಯ್ಲಾದ ಮೇಲೆ ತೂಬು ತೆರೆದು ಉಬ್ಬರದ ನೀರು ಬಿಟ್ಟರೆ ಅದೇ ಗದ್ದೆಯಲ್ಲಿ ಮೀನು, ಸೀಗಡಿ. ಒಂದೇ ಭೂಮಿಯಲ್ಲಿ ಅನ್ನವೂ ಆಯಿತು, ಸಾರೂ ಆಯಿತು!

ಆ ಹೊಳೆಬಾಯಿಯಲ್ಲಿ ಜನ ಚಿಪ್ಪಿನ ಜೀವಿಗಳನ್ನು ಹೆಕ್ಕಿ ಮಾರುತ್ತಾರೆ. ಇದು ಬಡವರ ಸಣ್ಣ ಕಸುಬೆಂದು ಹೊರಗಿನವರು ಎಣಿಸಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು ಹೆಕ್ಕುವವರನ್ನೇ ವಿಚಾರಿಸಿ 2008ರಲ್ಲಿ ಲೆಕ್ಕ ಹಾಕಿದಾಗ, ವರ್ಷಕ್ಕೆ ಸುಮಾರು 22,000 ಟನ್ ಸಂಗ್ರಹವಾಗುವುದೂ, ಅದರ ಬೆಲೆ 5 ಕೋಟಿ 78 ಲಕ್ಷ ರೂಪಾಯಿ ಆಗುವುದೂ, 2,300ಕ್ಕೂ ಹೆಚ್ಚು ಜನರಿಗೆ ನೇರ ಕೆಲಸ ಸಿಗುವುದೂ ತಿಳಿದುಬಂತು. 2024ರಲ್ಲಿ ಈ ಹೊಳೆಬಾಯಿಯ 4,801 ಹೆಕ್ಟೇರ್ ಪ್ರದೇಶ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಜನರ ಬಾಯಲ್ಲಿದ್ದ ತಿಳಿವಳಿಕೆ ಕಾಗದಕ್ಕೆ ಬಂದಾಗ ಅದಕ್ಕೆ ತೂಕ ಬರುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಕಾಣಿ ಜನರಿಗೆ ಸಿಕ್ಕ ಪಾಲು

ಕೇರಳದ ಅಗಸ್ತ್ಯ ಬೆಟ್ಟದಲ್ಲಿ ಕಾಣಿ ಎಂಬ ಬುಡಕಟ್ಟಿನವರಿದ್ದಾರೆ. 1987ರಲ್ಲಿ ವಿಜ್ಞಾನಿಗಳ ತಂಡಕ್ಕೆ ದಾರಿ ತೋರಲು ಹೋದ ಕಾಣಿಗಳು ಒಂದು ಕಾಡುಗಿಡದ ಕಾಯಿ ತಿಂದು ದಣಿವಿಲ್ಲದೆ ನಡೆಯುತ್ತಿದ್ದರು. ಅದೇ ಆರೋಗ್ಯಪಚ್ಚ. ಅದರಿಂದ ತಿರುವನಂತಪುರದ ಬಳಿಯ ಉಷ್ಣವಲಯ ಸಸ್ಯೋದ್ಯಾನ ಸಂಸ್ಥೆ 'ಜೀವನಿ' ಎಂಬ ಔಷಧ ತಯಾರಿಸಿತು. ಔಷಧ ಕಂಪನಿಯೊಂದು ಅದರ ಹಕ್ಕಿಗೆ 10 ಲಕ್ಷ ರೂಪಾಯಿಯನ್ನೂ, ಮಾರಾಟದ ಮೇಲೆ ಶೇಕಡಾ 2ರಷ್ಟನ್ನೂ ಕೊಡಲು ಒಪ್ಪಿತು. ಅದರಲ್ಲಿ ಅರ್ಧ ಕಾಣಿಗಳಿಗೆ ಎಂದು ತೀರ್ಮಾನವಾಗಿ, 1997ರಲ್ಲಿ ಅವರ ಹೆಸರಿನಲ್ಲಿ ಟ್ರಸ್ಟ್ ಆಯಿತು. ದಾರಿ ತೋರಿದವನಿಗೆ ದಿನಗೂಲಿ ಕೊಟ್ಟು ಕೈ ತೊಳೆದುಕೊಳ್ಳದೆ, ಅವನ ತಿಳಿವಳಿಕೆಗೂ ಬೆಲೆ ಕಟ್ಟಿದ ಉದಾಹರಣೆ ಇದು.

ನಮ್ಮಲ್ಲಿ ಆನೆಯ ಪಾಠ

ನಮ್ಮ ಸೀಮೆಗೆ ಇದು ಬರಿಯ ಹಣದ ಮಾತಲ್ಲ, ಜೀವದ ಮಾತು. ಹೈಕೋರ್ಟಿನ ಆದೇಶದ ಮೇಲೆ ನೇಮಕವಾದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಅದರಂತೆ 2014ರ ವೇಳೆಗೆ ಆಲೂರು ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಲಾಯಿತು. ಆದರೂ ಬೇರೆ ಆನೆಗಳು ಬಂದವು. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯದಲ್ಲಿ, ಅಂಬಾರಿ ಹೊತ್ತ ಅರ್ಜುನನೇ ಪ್ರಾಣ ಬಿಟ್ಟದ್ದು ನಿಮಗೆಲ್ಲ ಗೊತ್ತು. ಹಿಡಿಯುವುದೊಂದರಿಂದಲೇ ಸಮಸ್ಯೆ ತೀರುವುದಿಲ್ಲವೆಂದ ಮೇಲೆ, ಇಂದು ಆನೆ ಯಾವ ತೋಟದಲ್ಲಿದೆ ಎಂಬುದನ್ನು ಬೆಳಿಗ್ಗೆ ಕಾಫಿ ಕೊಯ್ಯಲು ಹೋಗುವ ಆಳಿಗೆ ಮೊದಲೇ ತಿಳಿಸುವುದು ಮುಖ್ಯವಾಯಿತು. ಮೊಬೈಲಿಗೆ ಎಚ್ಚರಿಕೆ ಬರುವ ಏರ್ಪಾಟು ಇದಕ್ಕಾಗಿಯೇ ಆಯಿತು. ಆ ಎಚ್ಚರಿಕೆಯ ಮೂಲದಲ್ಲಿ ಹೆಜ್ಜೆ, ಲದ್ದಿ, ಮುರಿದ ಬೈನೆ ಮರ ನೋಡಿ ಹೇಳಬಲ್ಲ ಸ್ಥಳೀಯ ಮನುಷ್ಯನೇ ಇರುತ್ತಾನೆ.

ಕಾನೂನು ಏನು ಹೇಳುತ್ತದೆ?

2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಊರಿನ ಗಿಡ, ಬೆಳೆ, ತಳಿ, ಮೀನು, ಪ್ರಾಣಿ, ನಾಟಿಮದ್ದುಗಳ ವಿವರವನ್ನು 'ಜನತಾ ಜೀವವೈವಿಧ್ಯ ದಾಖಲಾತಿ' ಎಂಬ ಪುಸ್ತಕದಲ್ಲಿ ಬರೆಸಬೇಕು. ವ್ಯಾಪಾರಕ್ಕಾಗಿ ಇವನ್ನು ಒಯ್ಯುವವರಿಂದ ಶುಲ್ಕ ಪಡೆಯುವ ಅಧಿಕಾರವೂ ಸಮಿತಿಗಿದೆ. 2020ರ ಜನವರಿಯೊಳಗೆ ದಾಖಲಾತಿ ಮುಗಿಯಬೇಕೆಂದು ಹಸಿರು ನ್ಯಾಯಮಂಡಳಿ ಗಡುವು ಹಾಕಿತ್ತು. ಗಡುವಿನ ಅವಸರದಲ್ಲಿ ಬರೆದ ಪುಸ್ತಕ ಪೂರ್ಣವಾಗಿದೆಯೇ ಎಂದು ಊರಿನವರೇ ಓದಿ ನೋಡಬೇಕು. ಕಪಾಟಿನಲ್ಲಿ ಬೀಗ ಹಾಕಿದ ಪುಸ್ತಕದಿಂದ ಯಾರಿಗೆ ಪ್ರಯೋಜನ?

ಅಲ್ಲದೆ, ದೊಡ್ಡ ಕಾಮಗಾರಿಗಳಿಗೆ ಸಾರ್ವಜನಿಕ ಅಹವಾಲು ಸಭೆ ನಡೆಯುವಲ್ಲಿ, 2006ರ ಅಧಿಸೂಚನೆಯಂತೆ ಕನಿಷ್ಠ 30 ದಿನ ಮುಂಚೆ ಪ್ರಕಟಣೆ ಕೊಡಬೇಕು. ಸಲಹೆಗಾರರ ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಅದನ್ನು ಓದಿ, ತಪ್ಪಿದ್ದರೆ ಸಭೆಯಲ್ಲಿ ಹೇಳುವ ಹಕ್ಕು ನಿಮ್ಮದು.

ನಾವು ಮಾಡಬೇಕಾದ್ದು

1. ಪಂಚಾಯಿತಿ ಕಚೇರಿಗೆ ಹೋಗಿ ನಿಮ್ಮ ಊರಿನ ದಾಖಲಾತಿಯನ್ನು ಕೇಳಿ ನೋಡಿರಿ. ಬಿಟ್ಟುಹೋದ ದೇವರಕಾಡು, ಹಳ್ಳ, ಹಳೆಯ ಭತ್ತದ ತಳಿ ಇದ್ದರೆ ಸಮಿತಿಗೆ ಬರೆದು ಕೊಡಿರಿ.

2. ಸೊಪ್ಪು, ಬೇರು, ಬೀಜಗಳ ವಿಚಾರ ಹೆಂಗಸರಿಗೆ ಹೆಚ್ಚು ಗೊತ್ತು. ದಾಖಲಾತಿಯ ದಿನ ಅವರನ್ನು ಮುಂದೆ ಕೂರಿಸಿರಿ.

3. ಕೇಳಲು ಬಂದವರನ್ನು ಮರ್ಯಾದೆಯಿಂದಲೇ ಕೇಳಿರಿ: ತಾವು ಯಾರ ಪರವಾಗಿ ಬಂದಿದ್ದೀರಿ? ಹಣ ಯಾರದು? ಮಾಹಿತಿ ಯಾತಕ್ಕೆ? ವರದಿಯ ಕನ್ನಡ ಪ್ರತಿ ಪಂಚಾಯಿತಿಗೆ ಕೊಡುತ್ತೀರಾ? ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

4. ದಾರಿ ತೋರಿಸುವುದು, ಮರ ಗುರುತಿಸುವುದು, ಎಣಿಕೆಗೆ ನೆರವಾಗುವುದು ಕೆಲಸವೇ. ಕೂಲಿ ಎಷ್ಟೆಂದು ಹೊರಡುವ ಮೊದಲೇ ಮಾತಾಡಿಕೊಳ್ಳಿರಿ.

5. ಮನೆತನದ ನಾಟಿಮದ್ದಿನ ಗುಟ್ಟನ್ನು ಸಮಿತಿಯೊಂದಿಗೆ ಆಲೋಚಿಸದೆ ಯಾರಿಗೂ ಹೇಳಬೇಡಿರಿ.

6. ಓದುವ ಮಕ್ಕಳಿಗೆ ಈ ದಾರಿಯನ್ನೂ ತೋರಿಸಿರಿ. ಪೊನ್ನಂಪೇಟೆ, ಶಿರಸಿಗಳಲ್ಲಿ ಅರಣ್ಯ ಕಾಲೇಜುಗಳಿವೆ. ಮಂಗಳೂರಿನಲ್ಲಿ ಮೀನುಗಾರಿಕೆ ಕಾಲೇಜು ಇದೆ. ಅಜ್ಜನ ಅನುಭವಕ್ಕೆ ಮೊಮ್ಮಗಳ ಓದು ಕೂಡಿದರೆ, ನಾಳೆ ಜೀಪಿನಿಂದ ಇಳಿಯುವ ಸಲಹೆಗಾರರು ನಮ್ಮೂರಿನವರೇ ಆಗಬಹುದು.

ಬಂದವರನ್ನೆಲ್ಲ ಅನುಮಾನದಿಂದ ನೋಡಬೇಕೆಂದು ಇದರ ಅರ್ಥವಲ್ಲ. ಒಳ್ಳೆಯ ವಿಜ್ಞಾನಿಗಳಿಂದ ಊರಿಗೆ ಲಾಭವೇ ಉಂಟು. ಆದರೆ ಹಿತ್ತಲ ಗಿಡ ಮದ್ದಲ್ಲವೆಂದು ನಾವೇ ಎಣಿಸಿದರೆ, ಅದನ್ನು ಕಿತ್ತುಕೊಂಡು ಹೋದವರು ನಮಗೇ ಮಾರಿಯಾರು. ಮುಂದಿನ ಗ್ರಾಮಸಭೆಯಲ್ಲಿ ದಾಖಲಾತಿ ಪುಸ್ತಕವನ್ನು ತರಿಸಿ, ಎಲ್ಲರೆದುರು ಓದಿಸಿರಿ. ಕೆಲಸ ಅಲ್ಲಿಂದ ಪ್ರಾರಂಭವಾಗಲಿ.