ಗಿಡುಗ ಪಳಗಿಸುವ ವಿದ್ಯೆ

ಅಬುಧಾಬಿಯಿಂದ ರಜೆಯಲ್ಲಿ ಬಂದ ಯುವಕನೊಬ್ಬ ಜುಮಾದ ನಂತರ ಎರಡು ಪ್ರಶ್ನೆ ಕೇಳಿದ. ಅರಬ್ಬರಂತೆ ಗಿಡುಗ ಪಳಗಿಸಲು ಕಲಿಯಬಹುದೇ? ಅದು ಹಿಡಿದ ಬೇಟೆ ಹಲಾಲೇ? ಮುಂದಿನ ವಾರದ ಖುತ್ಬಾಕ್ಕೆ ಅದೇ ವಿಷಯವಾಯಿತು.

ಎರಡನೆಯದಕ್ಕೆ ಉತ್ತರ ಪವಿತ್ರ ಕುರ್‌ಆನಿನಲ್ಲೇ ಇದೆ. ಸೂರಾ ಅಲ್ ಮಾಇದಾದ 4ನೇ ವಚನವು ತರಬೇತಾದ ಪ್ರಾಣಿಗಳು ನಮಗಾಗಿ ಹಿಡಿದದ್ದನ್ನು ಅನುಮತಿಸುತ್ತದೆ. ಆ ತರಬೇತಿಯ ಜ್ಞಾನವೂ ಅಲ್ಲಾಹನು ಕೊಟ್ಟದ್ದೆಂದು ನೆನಪಿಸುತ್ತದೆ. ಅದೀ ಬಿನ್ ಹಾತಿಮ್(ರ) ನಾಯಿಯ ಬೇಟೆಯ ಬಗ್ಗೆ ವಿಚಾರಿಸಿದಾಗ, ನಾಯಿ ಅದನ್ನು ತಿಂದಿದ್ದರೆ ತಿನ್ನಬಾರದು, ಅದು ತನಗಾಗಿ ಹಿಡಿದದ್ದು ಎಂದು ಪ್ರವಾದಿ(ಸ)ರವರು ತಿಳಿಸಿದರು. ಗಿಡುಗಕ್ಕೂ ಇದೇ ಷರತ್ತೇ? ಶಾಫಿಈ ಮದ್‌ಹಬಿನ ಪ್ರಬಲ ಅಭಿಪ್ರಾಯದಂತೆ ಹೌದು. ಹನಫಿಗಳಲ್ಲಿ ಕರೆದಾಗ ಮರಳಿದರೆ ಸಾಕು. ನಾಯಿಯನ್ನು ಹೊಡೆದು ತಿದ್ದಬಹುದು, ಹಕ್ಕಿಯ ದೇಹ ಪೆಟ್ಟು ತಾಳದು ಎಂಬುದು ಅವರ ಕಾರಣ. ಎರಡೂ ಮದ್‌ಹಬಿನವರು ಒಂದೇ ಸಫ್‌ನಲ್ಲಿ ನಿಲ್ಲುವ ನಮ್ಮೂರಿನಲ್ಲಿ ಇದನ್ನು ಬಿಡಿಸಿ ಹೇಳಬೇಕು. ಬಿಸ್ಮಿ ಹೇಳಿ ಬಿಡಬೇಕು. ಬೇಟೆ ಜೀವಂತ ಕೈಗೆ ಸಿಕ್ಕರೆ ಝಬಹ್ ಮಾಡಲೇಬೇಕು.

ಇನ್ನು ಕಲಿಕೆ. ವೀಡಿಯೊ ನೋಡಿ ಬರುವ ವಿದ್ಯೆ ಇದಲ್ಲ. ಹಕ್ಕಿಯ ಕಾಲಿಗೆ ಚರ್ಮದ ಪಟ್ಟಿ, ನಮ್ಮ ಕೈಗೆ ದಪ್ಪ ಗವಸು, ಹಕ್ಕಿಯ ಕಣ್ಣು ಮುಚ್ಚಲು ಟೋಪಿ. ಅರಬ್ಬರು ಆ ಟೋಪಿಯನ್ನು ಬುರ್ಕಾ ಎಂದೇ ಕರೆಯುತ್ತಾರೆ! ಕತ್ತಲಾದರೆ ಹಕ್ಕಿ ಶಾಂತವಾಗುತ್ತದೆ. ಮೊದಲ ದಿನಗಳಲ್ಲಿ ಬೇಟೆಯ ಮಾತೇ ಇಲ್ಲ. ಕೈಮೇಲೆ ಕೂರಿಸಿಕೊಂಡು ಗಂಟೆಗಟ್ಟಲೆ ಸುಮ್ಮನಿರುವುದು. ಆಮೇಲೆ ಕೈಯಿಂದ ಮಾಂಸ ತಿನ್ನಿಸುವುದು, ಕೈಗೆ ಹಾರಿ ಬರುವಂತೆ ಮಾಡುವುದು, ಉದ್ದ ದಾರ ಕಟ್ಟಿ ಹಾರಿಸುವುದು. ಪ್ರತಿದಿನ ತೂಕ ನೋಡಬೇಕು. ಹೊಟ್ಟೆ ತುಂಬಿದ ಹಕ್ಕಿ ಮರಳದು, ಸೊರಗಿದ ಹಕ್ಕಿ ಸಾಯುತ್ತದೆ. ನಡುವಿನ ಆ ಕೆಲವೇ ಗ್ರಾಮ್‌ಗಳನ್ನು ಅರಿಯುವುದೇ ಅರ್ಧ ವಿದ್ಯೆ. ಅಮೆರಿಕದಲ್ಲಿ ಹೊಸಬರು ಲಿಖಿತ ಪರೀಕ್ಷೆಯಲ್ಲಿ ಶೇ. 80 ಅಂಕ ಪಡೆದು, ಕನಿಷ್ಠ 2 ವರ್ಷ ಅನುಭವಿಯೊಬ್ಬರ ಕೈಕೆಳಗೆ ಕಲಿಯಬೇಕು.

ನಮ್ಮ ನಾಡಿಗೂ ಇದು ಹೊಸದಲ್ಲ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಅರಸ ಮೂರನೇ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಗಿಡುಗದ ಬೇಟೆಯನ್ನು ವಿನೋದಗಳಲ್ಲಿ ಸೇರಿಸಿದ್ದಾನೆ. ಆದರೆ ಈಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಕಾಡಿನ ಗಿಡುಗವನ್ನು ಹಿಡಿಯುವುದು, ಸಾಕುವುದು, ಮಾರುವುದು ಅಪರಾಧ. ಒಂದನೇ ಅನುಸೂಚಿಯ ಹಕ್ಕಿಯಾದರೆ 3ರಿಂದ 7 ವರ್ಷ ಜೈಲು. ನೆಲದ ಕಾನೂನು ನಾವು ಒಪ್ಪಿಕೊಂಡ ಕರಾರು. ಕರಾರು ಮುರಿಯುವುದು ಮುಸ್ಲಿಮನಿಗೆ ಸಲ್ಲದು. ಕೊಲ್ಲಿಯಲ್ಲಿ ಪರವಾನಗಿಯುಳ್ಳ ಉಸ್ತಾದರು ಸಿಕ್ಕರೆ ಅಲ್ಲಿಯೇ ಕಲಿಯಿರಿ. ಊರಿಗೆ ಬಂದು ಮರಿ ಹುಡುಕಬೇಡಿ.

ಇಲ್ಲಿ ಮಾಡಬಹುದಾದ ಕೆಲಸ ಬೇರೆ ಇದೆ. ದಿಲ್ಲಿಯ ನದೀಮ್ ಶಹಝಾದ್ ಮತ್ತು ಮುಹಮ್ಮದ್ ಸಊದ್ ಎಂಬ ಸಹೋದರರು ಮಾಂಜಾ ದಾರದಿಂದ ರೆಕ್ಕೆ ಕೊಯ್ದುಹೋದ ಹದ್ದುಗಳಿಗೆ ವರ್ಷಗಳಿಂದ ಚಿಕಿತ್ಸೆ ಕೊಡಿಸುತ್ತಿದ್ದಾರೆ. ನಮ್ಮ ಬಂದರಿನ ದಕ್ಕೆಯ ಮೇಲೆ ಸುತ್ತುವ ಹದ್ದು ಗಾಯಗೊಂಡು ನಿಮ್ಮ ತಾರಸಿಗೆ ಬಿದ್ದರೆ, ಉಗುರಿನ ಬಗ್ಗೆ ಎಚ್ಚರವಹಿಸಿ ದಪ್ಪ ಬಟ್ಟೆ ಹೊದಿಸಿ ಎತ್ತಿ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತಲಲ್ಲಿಡಿ. ಬಾಯಿಗೆ ನೀರು ಹೊಯ್ಯಬೇಡಿ. ಕೂಡಲೇ ಅರಣ್ಯ ಇಲಾಖೆಗೆ ತಿಳಿಸಿ, ಅವರು ಬರುವ ತನಕ ಮಕ್ಕಳನ್ನು ದೂರವಿಡಿ.